ಗಾಳಿಗೆ ಬಿಟ್ಟ ಜಾಗ

ಜೇಡವೆಂದರೆ ದರ್ಜಿಗೆ ಜೀವ ಬಾಯಿಗೆ ಬರುವಷ್ಟು ಭಯ. ಇಡೀ ಆಯುಷ್ಯವನ್ನು ಸೂಜಿಯ ಮೊನೆಯೊಡನೆ ಸಂಸಾರ ಮಾಡಿ ಕಳೆದವನು, ಅಂಗಡಿಯ ಗೋಡೆಯ ಮೇಲೆ ಎಂಟು ಕಾಲಿನ ಒಂದು ಚುಕ್ಕಿ ಸರಿದರೆ ಸಾಕು, ಕತ್ತರಿಯನ್ನು ಅರ್ಧ ಕತ್ತರಿಸಿದ ಬಟ್ಟೆಯಲ್ಲೇ ಬಿಟ್ಟು ಬೀದಿಗೆ ಬಂದು ನಿಲ್ಲುತ್ತಿದ್ದ. ಅಂಥವನು ಈಗ ಬೆಳಗಾದರೆ ಕಡಲ ದಂಡೆಯ ಒಣನೆಲದಲ್ಲಿ, ಮೊಣಕಾಲೆತ್ತರದ ಸ್ಟೂಲಿನ ಮೇಲೆ ಕುಳಿತು, ಅಂಗೈಯಗಲ ಕಾಲು ಚಾಚಿದ ಜೇಡವೊಂದರ ಹಿಂದುಗಡೆ ಒಂದು ಮೊಳ ದೂರದಲ್ಲಿ ಕಪ್ಪು ಮಖಮಲ್ಲಿನ ಪರದೆಯನ್ನು ಗದ್ದದವರೆಗೆ ಎತ್ತಿ ಹಿಡಿಯುತ್ತಿದ್ದ. ಕಣ್ಣು ಮಾತ್ರ ಗಟ್ಟಿಯಾಗಿ ಮುಚ್ಚಿರುತ್ತಿತ್ತು.

ಇದಕ್ಕೆಲ್ಲ ಕಾರಣ ಅವನ ಹೆಂಡತಿ. ಆಸ್ಪತ್ರೆಯ ನೆಲಮಾಳಿಗೆಯ ಕೋಣೆಯಲ್ಲಿ ಊರಿನ ಅರ್ಧ ಜನರ ಮೂಳೆಗಳ ಚಿತ್ರ ತೆಗೆದವಳು. ಬೀದಿಯವರಿಗೆಲ್ಲ 'ಎಕ್ಸ್‌ರೇ ಅಕ್ಕ'. ನಿವೃತ್ತಿಯ ಮರುವಾರವೇ ಒಂದು ಕ್ಯಾಮೆರಾ ಕೊಂಡಳು. ಮೊದಲು ಹಕ್ಕಿಗಳ ಬೆನ್ನು ಹತ್ತಿದಳು. "ಹಕ್ಕಿ ನಿಲ್ಲಲ್ಲ, ನಾನು ಓಡಲ್ಲ. ನಮ್ಮಿಬ್ಬರಿಗೂ ಆಗಿಬರಲ್ಲ" ಎಂದು ಅದನ್ನು ಬಿಟ್ಟಳು. ಆಮೇಲೊಂದು ದಿನ, ಕೊನೆಯ ಬೀದಿ ಮುಗಿದು ರಸ್ತೆ ಮರಳಿನಲ್ಲಿ ಕರಗುವ ಜಾಗದಲ್ಲಿ, ಉಪ್ಪುಗಾಳಿಗೆ ಬಾಗಿ ಬೆಳೆದ ಮುಳ್ಳುಪೊದೆಗಳ ನಡುವೆ, ಗೋಧಿಬಣ್ಣಕ್ಕೆ ತಿರುಗಿದ ಒಣಹುಲ್ಲಿನ ಮಧ್ಯೆ ಅವಳಿಗೆ ಅದು ಕಂಡಿತು: ಬೆಳ್ಳಿಯ ತಲೆ, ಹಳದಿ, ಬಿಳಿ, ಕಪ್ಪು ಪಟ್ಟೆಗಳ ಮೈ, ಎಂಟು ಕಾಲುಗಳನ್ನು ಎರಡೆರಡಾಗಿ ಜೋಡಿಸಿ ಬಲೆಯ ನಟ್ಟನಡುವೆ ತಲೆಕೆಳಗಾಗಿ ನಿಂತ ಜೇಡ. ಗಂಟೆಗಟ್ಟಲೆ ಅಲ್ಲಾಡದು. "ಉಸಿರು ಬಿಗಿಹಿಡೀರಿ, ಅಲ್ಲಾಡಬೇಡಿ" ಎಂದು ಜೀವನವಿಡೀ ಜನರನ್ನು ಗದರಿದವಳಿಗೆ, ಹೇಳುವ ಮೊದಲೇ ಹಾಗೆ ನಿಂತ ಜೀವಿಯೊಂದು ಕೊನೆಗೂ ಸಿಕ್ಕಿತು.

ಎಳೆಗಳು ಎದ್ದು ಕಾಣಲೆಂದು ಬಲೆಯ ಹಿಂದೆ ಆ ಕಪ್ಪು ಪರದೆ ಹಿಡಿಯಲು ದರ್ಜಿ ಒಪ್ಪಿದ್ದಕ್ಕೆ ಅವನದೇ ಒಂದು ಲೆಕ್ಕಾಚಾರವಿತ್ತು. ಅಂಗಡಿ ನಡೆಯುತ್ತಿದ್ದ ಕಾಲದಲ್ಲಿ, ಶಾಲೆಗಳು ಶುರುವಾಗುವ ತಿಂಗಳಲ್ಲಿ, ಸಮವಸ್ತ್ರಗಳ ರಾಶಿ ಅವನ ಎದೆಮಟ್ಟಕ್ಕೆ ಏರುತ್ತಿತ್ತು. ಆಗ ಅವಳು ಆಸ್ಪತ್ರೆಯ ಕೆಲಸ ಮುಗಿಸಿ ನೇರ ಅಂಗಡಿಗೆ ಬಂದು, ಕೈ ತೊಳೆದು, ಮೂಲೆಯಲ್ಲಿ ಕುಳಿತು ಗುಂಡಿ ಹಾಕುತ್ತಿದ್ದಳು. ಯಾರೂ ಕರೆದಿರಲಿಲ್ಲ, ಯಾರೂ ಶಹಬ್ಬಾಸ್ ಅಂದದ್ದೂ ಇಲ್ಲ. ಈಗ ಅವಳ ಅಂಗಡಿ ತೆರೆದಿದೆ, ಗುಂಡಿ ಹಾಕುವ ಸರದಿ ತನ್ನದು ಎಂದು ದರ್ಜಿ ಮನಸ್ಸಿನಲ್ಲೇ ತೀರ್ಮಾನಿಸಿಕೊಂಡಿದ್ದ.

ಈ ಸಲ ಗುಂಡಿ ಸಣ್ಣದಾಗಿರಲಿಲ್ಲ. ಊರಿನ ವಸ್ತುಸಂಗ್ರಹಾಲಯದಲ್ಲಿ ಒಣ ಕರಾವಳಿಯ ಜೀವಿಗಳಿಗೆಂದೇ ಒಂದು ಹೊಸ ಕೋಣೆ ತೆರೆಯುವುದಿತ್ತು. ಅದರ ಬಾಗಿಲಿಗೆ ಎದುರಾದ ದೊಡ್ಡ ಗೋಡೆಗೆ, ನೆಲದಿಂದ ಚಾವಣಿಯವರೆಗೆ, ಒಂದೇ ಒಂದು ಚಿತ್ರ: ಈ ಜೇಡ, ಅದರ ಇಡೀ ಬಲೆ. ಗ್ರಂಥಾಲಯದ ಪ್ರದರ್ಶನದಲ್ಲಿ ಎಕ್ಸ್‌ರೇ ಅಕ್ಕನ ಚಿತ್ರಗಳನ್ನು ನೋಡಿದ್ದ ಸಂಗ್ರಹಾಲಯದ ಮೇಡಂ ತಾವೇ ಮನೆಗೆ ಬಂದು ಕೇಳಿದ್ದರು. ಪ್ರತಿ ಎಳೆಯೂ ಸ್ಪಷ್ಟವಾಗಿ ಕಾಣಬೇಕು. ಎಳೆ ಕಾಣಲಿ ಎಂದು ಪುಡಿ ಉದುರಿಸುವುದು, ನೀರು ಚಿಮುಕಿಸುವುದು, ಅಡ್ಡ ಬಂದ ಹುಲ್ಲನ್ನು ಕಿತ್ತು ಬದಿಗಿಡುವುದು ಯಾವುದೂ ಕೂಡದು. ಹೇಗೆ ಕಂಡಿತೋ ಹಾಗೆ.

"ಅದು ನಿಮ್ಮ ಷರತ್ತಲ್ಲ ಮೇಡಂ, ನನ್ನದು" ಎಂದಿದ್ದಳು ಅವಳು.

ಷರತ್ತು ಸರಿ, ಗಾಳಿಗೆ ಅದನ್ನು ಹೇಳುವವರು ಯಾರು? ಆ ವಾರಗಳಲ್ಲಿ ಬೆಳಗಿನಿಂದಲೇ ಕಡಲ ಕಡೆಯಿಂದ ಗಾಳಿ ಬೀಸುತ್ತಿತ್ತು. ಅಷ್ಟು ಹತ್ತಿರದ ಮಸೂರದಲ್ಲಿ ಸ್ಪಷ್ಟವಾಗಿ ಕಾಣುವ ಪದರ ಕಾಗದದಷ್ಟು ತೆಳು. ಬಲೆ ಕನ್ನಡಿಯ ಹಾಗೆ ಚಪ್ಪಟೆಯಾಗಿ ನಿಂತರೆ ಇಡೀ ಬಲೆ ಸ್ಪಷ್ಟ; ಒಂದಿಷ್ಟು ಉಬ್ಬಿತೋ, ನಡುವಣ ಜೇಡ ಸಿಗುತ್ತದೆ, ಅಂಚು ಮಂಜಾಗುತ್ತದೆ. ಹಲವು ಬೆಳಗುಗಳು ಹೀಗೆ ಮಂಜಾಗಿ ಹೋಗಿದ್ದವು.

ಅಂದು ಬೆಳಗ್ಗೆ ಅವರನ್ನು ಎಂದಿನಂತೆ ಕರೆತಂದವನು ಅವಳ ತಮ್ಮ. ಅವನದು ಬಾಡಿಗೆ ಕಾರು; ಅಕ್ಕನ ಜೇಡಗಳಿಗೆ ಮಾತ್ರ ಬಾಡಿಗೆಯಿಲ್ಲ, ಬದಲಿಗೆ ಬಾವನನ್ನು ದಾರಿಯುದ್ದಕ್ಕೂ ಛೇಡಿಸುವ ಹಕ್ಕು.

"ಬಾವ, ಇವತ್ತಾದ್ರೂ ಕಣ್ಣು ಬಿಡ್ತೀರಾ, ಇಲ್ಲಾ ಧ್ಯಾನಾನಾ?"

"ನೀನು ರಸ್ತೆ ನೋಡಪ್ಪ. ನಾನು ಕಣ್ಣು ಮುಚ್ಚಿದ್ರೆ ಪರದೆ ಅಲ್ಲಾಡುತ್ತೆ ಅಷ್ಟೆ. ನೀನು ಮುಚ್ಚಿದ್ರೆ ಮೂರು ಜನಾನೂ ಹೋಗ್ತೀವಿ."

"ನೋಡಕ್ಕಾ, ಮಾತಲ್ಲಿ ಮಾತ್ರ ಹುಲಿ."

"ಎಲ್ಲಾದ್ರೂ ಒಂದು ಕಡೆ ಹುಲಿ ಆಗಿರ್ಲಿ ಬಿಡೋ" ಎಂದಳು ಅವಳು, ಮಸೂರ ಒರೆಸುತ್ತ.

ಬಲೆ ಅಲ್ಲೇ ಇತ್ತು: ಬಲಕ್ಕೆ ಮುಳ್ಳುಪೊದೆ, ಎಡಕ್ಕೆ ಬಳುಕುವ ಒಂದು ಒಣ ಹುಲ್ಲುಕಡ್ಡಿ, ನಡುವೆ ಅದು. ದರ್ಜಿ ಸ್ಟೂಲು ಹಾಕಿ ಕುಳಿತು, ಪರದೆ ಎತ್ತಿ, ಕಣ್ಣು ಮುಚ್ಚಿದ. ಕ್ಯಾಮೆರಾ ಕೆಲವು ಸಲ ಕಿಟಕ್ ಎಂದಿತು. ಆಮೇಲೆ ಅವಳ ನಿಟ್ಟುಸಿರು.

"ಆಗ್ತಿಲ್ಲ ರೀ. ಬಲೆ ಉಸಿರಾಡ್ತಾ ಇದೆ. ಬ್ಯಾಟರೀನೂ ಮುಗೀತು. ಕಾರಲ್ಲಿದೆ, ತರ್ತೀನಿ. ಅಲ್ಲೇ ಇರಿ, ಏಳಬೇಡಿ, ಮರಳು ಹಾರುತ್ತೆ."

ಅವಳ ಹೆಜ್ಜೆಗಳು ದೂರವಾದವು. ದರ್ಜಿ ಏಳಲಿಲ್ಲ. ಆದರೆ ಗಾಳಿಯೊಂದು ಸುಳಿದು ಹಿಡಿಮರಳನ್ನು ಅವನ ಮುಖಕ್ಕೆ ಎರಚಿತು. ಪರದೆ ತೊಡೆಯ ಮೇಲೆ ಬಿತ್ತು, ಕಣ್ಣುಜ್ಜಿಕೊಂಡ, ಉಜ್ಜಿದ ಕಣ್ಣು ತೆರೆಯಿತು.

ಓಡಬೇಕೆಂದು ಕಾಲಿಗೆ ಅನ್ನಿಸಿದ್ದು ನಿಜ. ಆದರೆ ಕಣ್ಣು ಅದಕ್ಕೆ ಮೊದಲೇ ಎಳೆಗಳ ಮೇಲೆ ಹೋಗಿಬಿಟ್ಟಿತ್ತು, ಎಳೆಯ ಮೇಲೆ ಹೋದ ದರ್ಜಿಯ ಕಣ್ಣನ್ನು ಹಿಂದಕ್ಕೆ ಕರೆಯುವುದು ಸುಲಭವಲ್ಲ. ಎಳೆಬಿಸಿಲು ಬಲೆಯ ಮೇಲೆ ಓರೆಯಾಗಿ ಬಿದ್ದಿತ್ತು. ಹೊರಗೆ ನಾಲ್ಕು ದಪ್ಪ ಎಳೆಗಳ ಚೌಕಟ್ಟು. ಅಲ್ಲಿಂದ ನಡುವಿಗೆ ಹಾಯ್ದ ನೇರ ಎಳೆಗಳು. ಅವುಗಳ ಮೇಲೆ ಸುತ್ತು ಸುತ್ತಾಗಿ ಒಳಕ್ಕೆ ಇಳಿದ ಒಂದೇ ಒಂದು ನೂಲು. ಸುತ್ತಿಗೂ ಸುತ್ತಿಗೂ ನಡುವಿನ ಅಂತರದಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ. ಟೇಪಿಲ್ಲ, ಸೀಮೆಸುಣ್ಣದ ಗೆರೆಯಿಲ್ಲ, ನಮೂನೆಯ ಕಾಗದವಿಲ್ಲ. ತನ್ನ ಕಾಲನ್ನೇ ಅಳತೆಗೋಲು ಮಾಡಿಕೊಂಡು, ಬೆಳಕು ಹರಿಯುವ ಮುನ್ನ, ಮುಟ್ಟಿ ಮುಟ್ಟಿಯೇ ಹೆಣೆಯುತ್ತದೆ ಎಂದು ಹೆಂಡತಿ ಎಷ್ಟೋ ಸಲ ಊಟದ ಹೊತ್ತಿನಲ್ಲಿ ಹೇಳಿದ್ದಳು. ಅವನು 'ಹೂಂ' ಎಂದು ಪಲ್ಯ ಬಡಿಸಿಕೊಂಡಿದ್ದ. ನಟ್ಟನಡುವೆ, ಜೇಡದ ಮೇಲೂ ಕೆಳಗೂ, ದಟ್ಟ ಬಿಳಿಯ ಅಂಕುಡೊಂಕು ಪಟ್ಟಿ. ಕಾಲರಿನ ಒಳಮಗ್ಗುಲಿಗೆ ತಾನು ಹಾಕುತ್ತಿದ್ದ ಹೊಲಿಗೆಯೇ ಅದು, ತನ್ನದಕ್ಕಿಂತ ಚೆನ್ನಾಗಿತ್ತು. ಜೇಡದ ಒಂದೊಂದು ಕಾಲೂ ಒಂದೊಂದು ಎಳೆಯ ಮೇಲೆ, ಒಳ್ಳೆಯ ಬಟ್ಟೆಯ ನೇಯ್ಗೆಯನ್ನು ಬೆರಳ ತುದಿಯಿಂದ ಪರೀಕ್ಷಿಸುವವರ ಹಾಗೆ, ಭಾರವಿಲ್ಲದೆ ಕುಳಿತಿತ್ತು.

'ಅಬ್ಬಾ, ಇಷ್ಟು ದಿನ ಯಾರ ಬೆನ್ನ ಹಿಂದೆ ಕಣ್ಣು ಮುಚ್ಚಿ ಕೂತಿದ್ದೆ' ಎಂದುಕೊಂಡ ದರ್ಜಿ. ಭಯ ಹೋಗಿರಲಿಲ್ಲ. ಗುರುಗಳ ಮುಂದೆ ಕೂತವನ ಭಯವಾಗಿ ಅದು ಬೇರೆ ಬಣ್ಣಕ್ಕೆ ತಿರುಗಿತ್ತು, ಅಷ್ಟೆ.

ಆದರೆ ದರ್ಜಿಯ ಕಣ್ಣು ಮೆಚ್ಚುವಾಗಲೂ ತಪ್ಪು ಹುಡುಕುತ್ತದೆ. ಆ ಕಣ್ಣಿನ ಕಸುಬೇ ಅದು. ಎಡಗಡೆಯ ಹುಲ್ಲುಕಡ್ಡಿ ಗಾಳಿಗೆ ತಲೆಯಾಡಿಸುತ್ತಿತ್ತು. ಅದು ಒಳಕ್ಕೆ ಬಾಗಿದಾಗ ಬಲೆ ಸಡಿಲ. ಹೊರಕ್ಕೆ ವಾಲಿದಾಗ ಬಿಗಿ. ಇಷ್ಟು ಚೊಕ್ಕ ಕೆಲಸವನ್ನು ಇಂಥ ನೆಟ್ಟಗಿಲ್ಲದ ಕಡ್ಡಿಗೆ ಕಟ್ಟುವುದೇ? ಕಸೂತಿಯ ಬಟ್ಟೆಯನ್ನು ಮರದ ಬಳೆಚೌಕಟ್ಟಿಗೆ ಬಿಗಿಯದೆ ಸೂಜಿ ಹಾಕಿದ ಹಾಗಾಯಿತಲ್ಲ! ಕೈ ತಾನಾಗಿಯೇ ಕಾಲರಿನ ಹಿಂಬದಿಗೆ ಹೋಯಿತು. ಅಲ್ಲಿ ಯಾವಾಗಲೂ ಒಂದು ಸೂಜಿ, ಸೂಜಿಯಲ್ಲೊಂದು ಕಪ್ಪು ದಾರ. ದಾರವನ್ನು ಕಡ್ಡಿಯ ತುದಿಗೆ ಸುತ್ತಿ, ಅದರ ಹೊರಬದಿಯಲ್ಲಿದ್ದ ಇನ್ನೊಂದು ಮುಳ್ಳುಪೊದೆಯ ಗಟ್ಟಿ ರೆಂಬೆಗೆ ಎಳೆದು ಗಂಟು ಹಾಕಿದ. ಬಲೆಯನ್ನು ಮುಟ್ಟಲಿಲ್ಲ, ಜೇಡವನ್ನು ಮುಟ್ಟಲಿಲ್ಲ. ಕಡ್ಡಿಯೊಂದಕ್ಕೆ ಆಸರೆ ಕೊಟ್ಟದ್ದಷ್ಟೆ. ಹಾಗೆಂದು ತನಗೆ ತಾನೇ ಹೇಳಿಕೊಂಡು ಮತ್ತೆ ಪರದೆ ಎತ್ತಿ ಹಿಡಿದ.

ಅವಳು ಮರಳಿ ಬಂದು ಕ್ಯಾಮೆರಾಕ್ಕೆ ಬಗ್ಗಿದಳು. ಗಾಳಿ ಬೀಸಿತು. ಬಲೆ ಅಲ್ಲಾಡಲಿಲ್ಲ.

"ರೀ..." ಅವಳ ದನಿ ಪಿಸುಮಾತಿಗೆ ಇಳಿಯಿತು. "ನಿಂತಿದೆ. ಉಸಿರು ಬಿಗಿಹಿಡೀರಿ."

ದರ್ಜಿ ಬಿಗಿಹಿಡಿದ. ಕಿಟಕ್. ಕಿಟಕ್. ಕಿಟಕ್.

ಮರಳಿನಲ್ಲಿ ಮೊಣಕಾಲೂರಿದ್ದ ಅವಳು ಎದ್ದ ರೀತಿಯನ್ನು ಅವನು ನೋಡಿದ. ಕೆಲಸ ಕಾಯಂ ಆದ ದಿನ ಆಸ್ಪತ್ರೆಯ ಮೆಟ್ಟಿಲಿಳಿದು ಬಂದಾಗಲೂ ಅವಳು ಹೀಗೇ, ನೆಲಕ್ಕೆ ಕಾಲು ತಾಗದವಳ ಹಾಗೆ ನಡೆದಿದ್ದಳು. "ಇವತ್ತು ಗಾಳೀನೂ ನನ್ನ ಮಾತು ಕೇಳ್ತು ರೀ!" ಎಂದಳು. ಆ ಮುಖದ ಮುಂದೆ ಗಂಟಿನ ವಿಷಯ ಗಂಟಲಲ್ಲೇ ಉಳಿಯಿತು.

ಮಧ್ಯಾಹ್ನ ಚಿತ್ರ ಕಳಿಸಿದಳು. ಸಂಜೆಯೊಳಗೆ ಮೇಡಂ ಫೋನು ಮಾಡಿ, ದೊಡ್ಡ ಗೋಡೆ ನಿಮ್ಮದೇ ಎಂದರು. ಜೇಡದ ಹೊಟ್ಟೆಯ ಕಡೆಯದೂ ಒಂದು ಸಣ್ಣ ಚಿತ್ರ ಸಿಕ್ಕರೆ ಪಕ್ಕದಲ್ಲಿ ಹಾಕೋಣ ಎಂದರು. ತಮ್ಮ ಸಿಹಿ ಕಟ್ಟಿಸಿಕೊಂಡು ಬಂದ. "ಬಾವ, ನಿಮ್ಮ ಪರದೇದೂ ಹೆಸರು ಹಾಕಿಸ್ಬೇಕು" ಎಂದು ನಕ್ಕ. ದರ್ಜಿಗೆ ಸಿಹಿ ಬಾಯಲ್ಲಿ ಕರಗಲಿಲ್ಲ.

ಮರುದಿನ ಬೆಳಗ್ಗೆ ಹೊಟ್ಟೆಯ ಕಡೆಯ ಚಿತ್ರಕ್ಕೆಂದು ಹೋದಾಗ ಬಲೆ ಇರಲಿಲ್ಲ. ಇದ್ದದ್ದು ಅದರ ಚಿಂದಿ. ಕಟ್ಟಿದ ಕಡ್ಡಿ ಕಟ್ಟಿದಂತೆಯೇ ಸೆಟೆದು ನಿಂತಿತ್ತು. ಬಲೆ ನಡುವಿನಿಂದ ಅಂಚಿನವರೆಗೆ ಸೀಳಿ, ಅರ್ಧ ಭಾಗ ಮುಳ್ಳಿಗೆ ಸಿಕ್ಕ ಸೆರಗಿನ ಹಾಗೆ ಜೋತುಬಿದ್ದಿತ್ತು. ಜೇಡ ಕೆಳಗಿನ ಹುಲ್ಲಿನಲ್ಲಿ, ಒಂಟಿ ಎಳೆಯೊಂದನ್ನು ಹಿಡಿದು ಮುದುಡಿತ್ತು. ಅವರು ನೋಡುತ್ತಿದ್ದಂತೆಯೇ ಅದು ಮೆಲ್ಲಗೆ ಮೇಲೇರಿ, ಹರಿದ ಎಳೆಗಳನ್ನು ಕಾಲಿನಿಂದ ಒಟ್ಟುಮಾಡಿ, ಉಂಡೆಯಾಗಿಸಿ, ಬಾಯಿಗಿಟ್ಟುಕೊಳ್ಳತೊಡಗಿತು. ಹಳೆಯದನ್ನೇ ತಿಂದು, ಅದರಿಂದಲೇ ಹೊಸ ನೂಲು ತೆಗೆಯುವ ಜಾತಿ ಅದು. ಗೊಣಗಾಟವಿಲ್ಲ, ಆತುರವಿಲ್ಲ.

ಎಕ್ಸ್‌ರೇ ಅಕ್ಕ ಮೂಳೆಮುರಿತದ ಫಿಲಂ ನೋಡುವವಳ ಹಾಗೆ ತಲೆ ಓರೆ ಮಾಡಿ ಸೀಳನ್ನು ನೋಡಿದಳು. "ಹಕ್ಕಿ ನುಗ್ಗಿದ್ರೆ ತೂತಾಗುತ್ತೆ. ದನ ಹಾದಿದ್ರೆ ಕಡ್ಡೀನೇ ಮುರೀಬೇಕು. ಇದು ಎಳೆದು ಹರಿದಿರೋದು. ಇದ್ದ ಗಾಳೀನೇ ಇದೆ, ಇವತ್ತು ಯಾಕೆ ಹರೀತು?"

ದರ್ಜಿಗೆ ಉತ್ತರ ಹೊಳೆದದ್ದು ಆ ಕ್ಷಣದಲ್ಲೇ, ಕಂಕುಳಲ್ಲಿ ಹರಿದ ಅಂಗಿಯ ಹಾಗೆ ನಿಚ್ಚಳವಾಗಿ. ತೋಳಿನ ಬುಡದಲ್ಲಿ ಸಡಿಲ ಬಿಡದೆ ಹೊಲಿದರೆ ಅಂಗಿ ನಿಂತಾಗ ಚೆಂದ. ಕೈಯೆತ್ತಿದೊಡನೆ ಪರ್ರೆಂದು ಸೀಳುತ್ತದೆ. ಹುಲ್ಲುಕಡ್ಡಿ ತಲೆಯಾಡಿಸುತ್ತಿದ್ದದ್ದು ಬಲೆಯ ದೋಷವಾಗಿರಲಿಲ್ಲ. ಆ ಜೇಡ ಗಾಳಿಗೆಂದೇ ಬಿಟ್ಟಿದ್ದ ಜಾಗ ಅದು.

"ಹರಿದಿದ್ದು ನಾನು ಕಣೇ" ಎಂದ.

"ಏನಂದ್ರಿ?"

ಅವನು ಗಂಟನ್ನು ತೋರಿಸಿದ. ಕಪ್ಪು ದಾರ, ದರ್ಜಿಯ ಗಂಟು. ಬೇರೆ ಯಾರೋ ಹಾಕಿದ್ದೆನ್ನಲು ಬಾರದ್ದು. "ನೀನು ಬ್ಯಾಟರಿ ತರೋಕೆ ಹೋದಾಗ. ಕಣ್ಣು ಬಿಟ್ಟೆ. ಎಷ್ಟು ಚೆನ್ನಾಗಿತ್ತು ಅಂದ್ರೆ... ಸಡಿಲ ಇದೆ, ಸರಿ ಮಾಡೋಣ ಅನ್ನಿಸ್ತು. ನಿನ್ನ ಫೋಟೋಗೂ ಆಗುತ್ತೆ ಅಂತ."

ಅವಳು ಬಗ್ಗಿ ಗಂಟನ್ನು ಹತ್ತಿರದಿಂದ ನೋಡಿದಳು. ದರ್ಜಿ ಬೈಗುಳಕ್ಕೆ ಕಾದ.

"ಮೊದಲು ಅದನ್ನ ಬಿಚ್ಚಿ" ಎಂದಳು.

ಅವನು ಗಂಟು ಬಿಚ್ಚಿದ. ಬಿಡುಗಡೆಯಾದ ಕಡ್ಡಿ ಒಮ್ಮೆ ಆಚೆ ವಾಲಿ, ಈಚೆ ತೂಗಿ, ಮತ್ತೆ ತನ್ನ ತಾಳಕ್ಕೆ ಹೊಂದಿಕೊಂಡಿತು.

"ಊರಿಗೆಲ್ಲ ತೋಳಿನ ಸಡಿಲದ ಪಾಠ ಹೇಳೋರು ನೀವು" ಎಂದಳು. "ನಾನೇನು ಹೇಳಲಿ ನಿಮಗೆ?"

ಅಲ್ಲೇ, ಮರಳಿನಲ್ಲಿ ನಿಂತೇ, ಮೇಡಂಗೆ ಫೋನು ಮಾಡಿದಳು. ಆ ಕಡೆಯ ಮಾತು ದರ್ಜಿಗೂ ಕೇಳುತ್ತಿತ್ತು. ಗಂಟು ಚಿತ್ರದ ಚೌಕಟ್ಟಿನಲ್ಲಿ ಇಲ್ಲವಲ್ಲ, ಯಾರಿಗೂ ಕಾಣುವುದಿಲ್ಲವಲ್ಲ, ಎಂದು ಮೇಡಂ ನಿಜವಾದ ಅಕ್ಕರೆಯಿಂದಲೇ ಹೇಳುತ್ತಿದ್ದರು.

"ಹೊರಗೆ ಕಾಣದ್ದನ್ನ ತೋರಿಸೋದೇ ನನ್ನ ಜೀವನದ ಕೆಲಸ ಆಗಿತ್ತು ಮೇಡಂ" ಎಂದಳು ಇವಳು. "ಕಾಣಲ್ಲ ಅಂತ ನಾನು ಹೇಗೆ ಹೇಳಲಿ? ಆ ಬಲೆ ಹಾಗೆ ನಿಲ್ಲೋದೇ ಇಲ್ಲ. ಅದು ಜೇಡದ ಬಲೆ ಅಲ್ಲ, ನಮ್ಮೆಜಮಾನರ ಬಲೆ."

ವಾರ ಮುಗಿಯುವುದರೊಳಗೆ ಮುದ್ರಣಕ್ಕೆ ಹೋಗಬೇಕು, ಬೇರೆ ಸಿಗದಿದ್ದರೆ ದೊಡ್ಡ ಗೋಡೆಗೆ ಇನ್ನೊಬ್ಬರು ತೆಗೆದ ಏಡಿಯ ಚಿತ್ರವಿದೆ ಎಂದು ಹೇಳಿ ಮೇಡಂ ಫೋನಿಟ್ಟರು.

ಆ ವಾರದ ದಿನಗಳು ದರ್ಜಿಗೆ ಒಂದೊಂದೂ ಬಿಚ್ಚಲಾಗದ ಹೊಲಿಗೆಯಂತೆ ಕಳೆದವು. ಜೇಡ ಆ ಜಾಗ ಬಿಟ್ಟಿತ್ತು. ಬೆಳಗ್ಗೆ ಬೆಳಗ್ಗೆ ಇಬ್ಬರೂ ಪೊದೆಯಿಂದ ಪೊದೆಗೆ ಬಗ್ಗಿ ನೋಡುತ್ತ ನಡೆದರು; ಈಗ ಮುಂದೆ ನಡೆಯುತ್ತಿದ್ದವನು ಅವನು. ಮನೆಯಲ್ಲಿ ಅವಳು ಅಡುಗೆ ಮಾಡಿದಳು, ಬಡಿಸಿದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು; ಕೇಳದ್ದಕ್ಕೆ ಒಂದು ಮಾತೂ ಆಡಲಿಲ್ಲ. ತಮ್ಮನೂ ವಿಷಯ ತಿಳಿದು ಕಾರಿನಲ್ಲಿ ಸುಮ್ಮನಿದ್ದ. ಅವನ ತಮಾಷೆಯನ್ನು ತಾನು ಹಾರೈಸಿಕೊಂಡು ಕೂರುವ ದಿನ ಬರುತ್ತದೆಂದು ದರ್ಜಿ ಎಂದೂ ಎಣಿಸಿರಲಿಲ್ಲ.

ವಾರದ ಕೊನೆಯ ಬೆಳಗು, ಹಿಂದಿನ ಜಾಗದಿಂದ ಕೂಗಳತೆಯಲ್ಲಿ, ಮರಳದಿಬ್ಬದ ನೆತ್ತಿಯ ಹತ್ತಿರ, ಬೆಳ್ಳಿಯ ತಲೆಯೊಂದು ಮಿಂಚಿತು. ಅದೇ ಜೇಡವೋ ಅದರ ಅಕ್ಕತಂಗಿಯೋ, ಹೇಳುವುದು ಹೇಗೆ? ಈ ಬಲೆ ಮೊದಲಿನದಕ್ಕಿಂತ ಚಿಕ್ಕದು. ಸುತ್ತ ಒಂದೂ ಗಟ್ಟಿ ರೆಂಬೆಯಿಲ್ಲ. ನಾಲ್ಕೂ ಕಡೆ ಹುಲ್ಲು, ನಾಲ್ಕೂ ತಲೆಯಾಡಿಸುವ ಹುಲ್ಲು. ಗಾಳಿ ಬಂದಾಗ ಇಡೀ ಬಲೆ ದೋಣಿಯ ಹಾಯಿಯಂತೆ ಉಬ್ಬಿ, ಕಡ್ಡಿಗಳೆಲ್ಲ ಜೊತೆಯಾಗಿ ಬಾಗಿ, ಮತ್ತೆ ಎಲ್ಲವೂ ಒಟ್ಟಿಗೆ ಹಿಂದಕ್ಕೆ ಬರುತ್ತಿದ್ದವು. ಒಂದು ಎಳೆಯೂ ಕಡಿಯುತ್ತಿರಲಿಲ್ಲ. ನಡುವೆ ಜೇಡ ತೊಟ್ಟಿಲಲ್ಲಿ ಕೂತಂತೆ ನೆಮ್ಮದಿಯಾಗಿ ತೂಗಿಕೊಂಡಿತ್ತು.

ಇಬ್ಬರೂ ನಿಂತು ನೋಡಿದರು.

"ಇದು ಚಪ್ಪಟೆ ನಿಲ್ಲಲ್ಲ" ಎಂದ ದರ್ಜಿ. ಮನಸ್ಸು ಕುಸಿದಿತ್ತು.

"ನಿಲ್ಲಲ್ಲ" ಎಂದಳು ಅವಳು. ಕಣ್ಣು ತೆಗೆಯದೆ ನೋಡುತ್ತಲೇ ಇದ್ದಳು. "ಇಷ್ಟು ದಿನ ಗಾಳಿ ಯಾವಾಗ ನಿಲ್ಲುತ್ತೆ ಅಂತ ಕಾಯ್ತಾ ಕೂತಿದ್ದೆನಲ್ಲ, ನಾನೂ ದಡ್ಡೀನೇ. ಇದರ ಕೆಲಸ ಗೊತ್ತಾಗೋದೇ ಗಾಳೀಲಿ. ಕೂತ್ಕೊಳ್ಳಿ. ಕಡ್ಡಿ ನಿಮ್ಮ ಕಡೆಗಿದೆ, ನನಗಿಂತ ಮೊದಲು ನಿಮಗೆ ಕಾಣುತ್ತೆ. ಬಾಗೋಕೆ ಶುರುವಾದ ತಕ್ಷಣ ಹೇಳಿ."

ವಾರದ ನಂತರ ಅವಳಾಗಿ ಆಡಿದ ಮೊದಲ ಉದ್ದನೆಯ ಮಾತು ಅದು. ದರ್ಜಿ ಪರದೆ ಎತ್ತಿ, ಅದರ ಅಂಚಿನ ಮೇಲಿಂದ ಹುಲ್ಲನ್ನೇ ದಿಟ್ಟಿಸಿದ. ಗಾಳಿ ಎಲ್ಲಿಂದ ಬರುತ್ತದೆಂದು ಹುಲ್ಲಿಗೆ ಮೊದಲು ಗೊತ್ತಾಗುತ್ತದೆ, ಆಮೇಲೆ ಎಳೆಗೆ, ಕೊನೆಗೆ ಮನುಷ್ಯನ ಕೆನ್ನೆಗೆ. ಇದನ್ನು ಅವನು ಆವತ್ತು ಕಲಿತ.

"ಈಗ!" ಎಂದ.

ಕಿಟಕ್.

"ಬರ್ತಿದೆ, ಬರ್ತಿದೆ... ಈಗ!"

"ಕಿರುಚಬೇಡಿ ರೀ, ಅದಕ್ಕೂ ಕಿವಿ ಇದೆ."

"ಎಲ್ಲಿದೆ ಕಿವಿ?"

"ಕಾಲಲ್ಲಿ. ಸುಮ್ನೆ ನೋಡಿ."

ಹಾಗೆ ಬಿಸಿಲೇರುವವರೆಗೂ ನಡೆಯಿತು. ಕೊನೆಗೆ ಅವಳು ಕ್ಯಾಮೆರಾದ ಹಿಂಬದಿಯ ಪುಟ್ಟ ಪರದೆಯನ್ನು ಕೈಯಿಂದ ಮರೆಮಾಡಿ ಅವನಿಗೆ ತೋರಿಸಿದಳು. ಕಪ್ಪಿನ ಮೇಲೆ ಬೆಳಕಿನ ಬಲೆ, ತುಂಬಿದ ಹಾಯಿಯಂತೆ ನೋಡುವವರ ಕಡೆಗೇ ಉಬ್ಬಿತ್ತು. ಜೇಡದ ಕಾಲಿನ ಒಂದೊಂದು ರೋಮವೂ ಸ್ಪಷ್ಟ; ನಡುವಿನಿಂದ ದೂರ ಸರಿದಂತೆ ಎಳೆಗಳು ಮೆಲ್ಲಗೆ ಕರಗಿ, ಅಂಚಿನಲ್ಲಿ ಬರೀ ಮಿನುಗಾಗಿದ್ದವು. ಚಿತ್ರದಲ್ಲಿ ಗಾಳಿ ಕಾಣುತ್ತಿತ್ತು.

"ಇದು ನಡೆಯುತ್ತಾ?" ಎಂದು ಕೇಳಿದ.

"ನನಗೆ ನಡೆಯುತ್ತೆ. ಅವರಿಗೆ ಗೊತ್ತಿಲ್ಲ."

ಅವರ ಉತ್ತರ ಮರುದಿನ ಬಂತು. ಅವಳು ಹೊಲಿಗೆ ಯಂತ್ರದ ಪಕ್ಕ ನಿಂತು ಫೋನಿನಲ್ಲೇ ಓದಿದಳು, ಮೊದಲು ಮನಸ್ಸಿನಲ್ಲಿ, ಆಮೇಲೆ ಅವನಿಗೆ ಕೇಳುವಂತೆ. ಚಿತ್ರ ಎಲ್ಲರಿಗೂ ಬಹಳ ಇಷ್ಟವಾಗಿದೆ. ಆದರೆ ಗೋಡೆಯಷ್ಟು ದೊಡ್ಡದು ಮಾಡಿದರೆ ಅಂಚಿನ ಮಂಜು ಮುದ್ರಣದ ತಪ್ಪಿನಂತೆ ಕಾಣುತ್ತದೆ. ದೊಡ್ಡ ಗೋಡೆಗೆ ಏಡಿಯೇ ಹೋಗುತ್ತದೆ. ಇದನ್ನು ಚೌಕಟ್ಟು ಹಾಕಿಸಿ, ಮಹಡಿಗೆ ಹೋಗುವ ಮೆಟ್ಟಿಲಿನ ತಿರುವಿನಲ್ಲಿ ತೂಗುಹಾಕುತ್ತಾರೆ.

ದರ್ಜಿ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಗೋಡೆ ಹೋಯಿತು, ಹೋದದ್ದು ತನ್ನ ಒಂದು ಗಂಟಿನಿಂದ. ಏನಾದರೂ ಹೇಳಬೇಕು. ಬಾಯಿ ತೆರೆದ.

"ನೀವೇನೂ ಹೇಳಬೇಡಿ" ಎಂದಳು ಅವಳು. ಅವಳ ಮುಖದಲ್ಲಿ ನಿರಾಸೆ ಇತ್ತು; ಅದನ್ನು ಅವಳು ಬಚ್ಚಿಡಲೂ ಇಲ್ಲ. ಆಮೇಲೆ ನಿಧಾನವಾಗಿ ಅಂದಳು: "ದೊಡ್ಡ ಗೋಡೆ ಮುಂದೆ ಯಾರು ನಿಲ್ತಾರೆ ಹೇಳಿ? ಬಾಗಿಲಲ್ಲಿ ಬಂದೋರು 'ಆಹಾ' ಅಂತಾರೆ, ಮುಂದೆ ಹೋಗ್ತಾರೆ. ಮೆಟ್ಟಿಲ ತಿರುವಲ್ಲಿ ಜನ ಉಸಿರು ಬಿಡೋಕೆ ನಿಲ್ತಾರೆ. ನಮ್ಮ ವಯಸ್ಸಿನೋರಂತೂ ನಿಂತೇ ನಿಲ್ತಾರೆ. ಪಕ್ಕದಲ್ಲಿ ಅದಿರುತ್ತೆ. ನೋಡದೆ ಎಲ್ಲಿ ಹೋಗ್ತಾರೆ?"

ಇದು ತನಗೆ ಹೇಳಿದ ಸಮಾಧಾನವೋ ಅವಳು ತನಗೇ ಹೇಳಿಕೊಂಡದ್ದೋ ದರ್ಜಿಗೆ ತಿಳಿಯಲಿಲ್ಲ.

"ಅಳತೆ ಎಷ್ಟಂತೆ?" ಎಂದು ಕೇಳಿದ.

"ಅಗಲ ಎರಡಡಿ ಅಂತ ಬರೆದಿದ್ದಾರೆ" ಎಂದು ಫೋನನ್ನು ಯಂತ್ರದ ಮೇಲಿಟ್ಟು, ಎರಡೂ ಕೈಗಳನ್ನು ಗಾಳಿಯಲ್ಲಿ ಚಾಚಿ ತೋರಿಸಿದಳು. "ನೋಡಿ, ಇಷ್ಟು."

ಎಂಥ ಬಟ್ಟೆಯನ್ನೂ ಕಣ್ಣಳತೆಯಲ್ಲೇ ಹೇಳಬಲ್ಲವನು ಅವನು. ಅವಳ ಎರಡು ಅಂಗೈಗಳ ನಡುವೆ ಮೂರಡಿಗೆ ಒಂದು ಬೆರಳೂ ಕಡಿಮೆಯಿರಲಿಲ್ಲ. ಅವನು ತಿದ್ದಲಿಲ್ಲ.

"ದೊಡ್ಡದೇ ಆಯ್ತಲ್ಲ ಕಣೇ" ಎಂದ.